ನಗೆ ಅನಿಲ, ರಕ್ತದ ಕ್ಯಾನ್ಸರ್ ಮತ್ತು ಕೋಪನ್‌ಹೇಗನ್ನಿನ ಒಬ್ಬ ಡಾಕ್ಟರು

ಧನುರ್ವಾಯು ಎಂದು ಹೆಸರಿಟ್ಟವರು ಆ ರೋಗಿಯನ್ನು ಕಣ್ಣಾರೆ ಕಂಡೇ ಇಟ್ಟಿರಬೇಕು. ದವಡೆ ಕಚ್ಚಿಕೊಳ್ಳುತ್ತದೆ, ಕತ್ತು ಹಿಂದಕ್ಕೆ ಸೆಟೆಯುತ್ತದೆ, ಬೆನ್ನು ಬಿಲ್ಲಿನ ಹಾಗೆ ಬಾಗಿ ತಲೆಯೂ ಹಿಮ್ಮಡಿಯೂ ಮಾತ್ರ ಹಾಸಿಗೆಗೆ ತಾಗಿರುತ್ತವೆ. ಯಾರಾದರೂ ಬಾಗಿಲು ದಡ್ಡನೆ ಹಾಕಿದರೆ ಸಾಕು, ಮೈ ಮತ್ತೊಮ್ಮೆ ಸೆಳೆಯುತ್ತದೆ. ಇಷ್ಟೆಲ್ಲ ಆಗುವಾಗ ರೋಗಿಗೆ ಪೂರ್ತಿ ಎಚ್ಚರವಿರುತ್ತದೆ. ಕೊನೆಗೆ ಎದೆಯ ಸ್ನಾಯುಗಳೂ ಬಿಗಿದುಕೊಂಡು ಉಸಿರು ನಿಲ್ಲುತ್ತದೆ. ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಬರುವ ರೋಗ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ನಿಜಕ್ಕೂ ಅದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ವಿಷ, ತುಕ್ಕಿನ ತಪ್ಪೇನೂ ಇಲ್ಲ. ತುಕ್ಕಿನ ಮಾತು ಮುಂದೆ ಬೇರೆ ಕಾರಣಕ್ಕೆ ಬರುತ್ತದೆ.

ಈ ರೋಗಕ್ಕೆಂದು 1950ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಹುಡುಕಿದ ಒಂದು ಚಿಕಿತ್ಸೆ ಅನಿರೀಕ್ಷಿತವಾಗಿ ರಕ್ತದ ಕ್ಯಾನ್ಸರಿನ ಬಾಗಿಲು ತಟ್ಟಿತು. ಅಲ್ಲಿ ಒಳಗೆ ಹೋಗಲು ಆಗಲಿಲ್ಲ. ಆದರೆ ಆ ಬಾಗಿಲ ಬಳಿ ಸಿಕ್ಕ ಸುಳಿವು ಇವತ್ತಿಗೂ ಆಪರೇಷನ್ ಥಿಯೇಟರಿನಲ್ಲಿ ಕೆಲಸಕ್ಕೆ ಬರುತ್ತಿದೆ. ಅದರಲ್ಲೂ ಅನ್ನ, ಸಾರು, ಮೊಸರಿನಲ್ಲೇ ಊಟ ಮುಗಿಸುವ ನಮ್ಮಂಥವರಿಗೆ ಅದು ದೂರದ ಕಥೆಯಲ್ಲ.

ಆ ಡಾಕ್ಟರ ಹೆಸರು ಎಚ್. ಸಿ. ಎ. ಲಾಸೆನ್. ಕೋಪನ್‌ಹೇಗನ್ನಿನ ಬ್ಲೆಗ್ಡಾಮ್ ಆಸ್ಪತ್ರೆ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ, ಅವರು ಅದರ ಮುಖ್ಯ ವೈದ್ಯರು. ಅಂದರೆ ವೃತ್ತಿಯಿಂದ ಅವರು ಅರಿವಳಿಕೆ ತಜ್ಞರೂ ಅಲ್ಲ, ಕ್ಯಾನ್ಸರ್ ತಜ್ಞರೂ ಅಲ್ಲ. ಎರಡರ ನಡುವೆ ಅವರನ್ನು ತಂದು ನಿಲ್ಲಿಸಿದ್ದು 1952ರ ಬೇಸಿಗೆಯ ಪೋಲಿಯೊ. ಉಸಿರಾಟ ನಿಂತುಹೋದ ರೋಗಿಗಳು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಆಸ್ಪತ್ರೆಯಲ್ಲಿದ್ದದ್ದು ಒಂದೇ ಒಂದು ಕಬ್ಬಿಣದ ಶ್ವಾಸಯಂತ್ರ, ಎದೆಗೆ ಕಟ್ಟುವ ಆರು ಚಿಕ್ಕ ಯಂತ್ರಗಳು. ಮೊದಲ ಕೆಲವು ವಾರಗಳಲ್ಲಿ ಯಂತ್ರಕ್ಕೆ ಹಾಕಿದ 31 ಜನರಲ್ಲಿ 27 ಜನ ತೀರಿಕೊಂಡರು. ಆಗ ಲಾಸೆನ್ ಒಂದು ಸಭೆ ಕರೆದರು. ಅದಕ್ಕೆ ಬಂದವರಲ್ಲಿ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರಿದ್ದರು. ಸ್ವಲ್ಪ ದಿನ ಮೊದಲು ಧನುರ್ವಾಯು ತಗುಲಿದ ಹಸುಗೂಸೊಂದಕ್ಕೆ ಸ್ನಾಯು ಸಡಿಲಿಸುವ ಔಷಧ ಕೊಟ್ಟು, ಕೈಯಿಂದಲೇ ಉಸಿರು ತುಂಬಿದ್ದರು ಎಂಬ ಕಾರಣಕ್ಕೆ ಅವರ ಹೆಸರು ಸಭೆಗೆ ಸೂಚಿತವಾಗಿತ್ತು.

ಇಬ್ಸೆನ್ ಹೇಳಿದ್ದು ಸರಳ. ಗಂಟಲಿನ ಕೆಳಗೆ ರಂಧ್ರ ಮಾಡಿ ಕೊಳವೆ ಇಳಿಸೋಣ, ಥಿಯೇಟರಿನಲ್ಲಿ ಮಾಡುವ ಹಾಗೆ ರಬ್ಬರ್ ಚೀಲ ಹಿಚುಕಿ ಗಾಳಿ ಒತ್ತೋಣ. ಆಗಸ್ಟ್ ಕೊನೆಯ ವಾರ 12 ವರ್ಷದ ಒಬ್ಬ ಹುಡುಗಿಯ ಮೇಲೆ ಅದನ್ನು ಮಾಡಿ ತೋರಿಸಿದರು. ಅವಳು ಉಳಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1,500 ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ರೋಗಿಗಳ ಪಕ್ಕ ಕೂತು ಹಗಲೂ ರಾತ್ರಿ ಚೀಲ ಹಿಚುಕಿದರು. ಇವತ್ತಿನ ಐಸಿಯು ಹುಟ್ಟಿದ್ದು ಅಲ್ಲಿಂದ ಎನ್ನುತ್ತಾರೆ, ಅದು ಉತ್ಪ್ರೇಕ್ಷೆಯೇನಲ್ಲ.

ಪೋಲಿಯೊ ಅಲೆ ಇಳಿಯಿತು. ವಾರಗಟ್ಟಲೆ ಬೇರೆಯವರ ಉಸಿರನ್ನು ನಡೆಸುವ ವಿದ್ಯೆ ಮಾತ್ರ ಲಾಸೆನ್ ತಂಡದ ಕೈಯಲ್ಲಿ ಉಳಿಯಿತು. ಅದನ್ನು ಅವರು ಧನುರ್ವಾಯುವಿಗೆ ತಂದರು. ಲೆಕ್ಕ ಹೀಗಿತ್ತು: ಕ್ಯುರಾರೆ ಕೊಟ್ಟು ಸ್ನಾಯುಗಳನ್ನು ಪೂರ್ತಿ ಸಡಿಲಗೊಳಿಸಿದರೆ ಸೆಳೆತ ನಿಲ್ಲುತ್ತದೆ. ಸ್ನಾಯು ಸಡಿಲವಾದರೆ ಉಸಿರೂ ನಿಲ್ಲುತ್ತದೆ, ಅದನ್ನು ನಾವು ನಡೆಸುತ್ತೇವೆ. ವಿಷದ ಪ್ರಭಾವ ಇಳಿಯುವ ತನಕ, ಎರಡು ಮೂರು ವಾರ, ಹೀಗೇ ಕಾಪಾಡಿದರೆ ರೋಗಿ ಗೆದ್ದ. ತೊಡಕು ಒಂದೇ. ಕ್ಯುರಾರೆ ಮೈಯನ್ನು ಮಾತ್ರ ಕಟ್ಟಿಹಾಕುತ್ತದೆ, ಎಚ್ಚರವನ್ನು ತೆಗೆಯುವುದಿಲ್ಲ. ಬೆರಳನ್ನೂ ಅಲ್ಲಾಡಿಸಲಾಗದೆ, ಎಲ್ಲವೂ ಕೇಳಿಸುತ್ತಾ ಮೂರು ವಾರ ಮಲಗಿರುವುದು ರೋಗಕ್ಕಿಂತ ಕಡಿಮೆ ಶಿಕ್ಷೆಯೇನಲ್ಲ. ಹಾಗಾಗಿ ಅಷ್ಟೂ ದಿನ ಅವರನ್ನು ಮಂಪರಿನಲ್ಲಿ ಇಡಬೇಕಿತ್ತು. ಅದಕ್ಕೆ ಆಯ್ದುಕೊಂಡದ್ದು ನೈಟ್ರಸ್ ಆಕ್ಸೈಡ್, ಜನರ ಬಾಯಲ್ಲಿ ಲಾಫಿಂಗ್ ಗ್ಯಾಸ್, ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ನಗೆ ಅನಿಲ. ನಮ್ಮ ಆಸ್ಪತ್ರೆಗಳಲ್ಲಿ ನೀಲಿ ಬಣ್ಣದ ಸಿಲಿಂಡರಿನಲ್ಲಿ ಇರುವುದು ಅದೇ.

ಆ ಆಯ್ಕೆಯನ್ನು ಯಾರೂ ತಪ್ಪು ಎನ್ನುವಂತಿರಲಿಲ್ಲ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಅದನ್ನು ಮೊದಲು ತಯಾರಿಸಿದ್ದರು. ಬ್ರಿಸ್ಟಲಿನಲ್ಲಿ ಹಂಫ್ರಿ ಡೇವಿ ತಾವೇ ಸೇದಿ ನೋಡಿ, ಶಸ್ತ್ರಚಿಕಿತ್ಸೆಯ ನೋವಿಗೆ ಇದು ಉಪಯೋಗವಾದೀತು ಎಂದು 1800ರಲ್ಲೇ ಬರೆದಿದ್ದರು. ಆ ಸಾಲನ್ನು ಓದಿಯೂ ನಲವತ್ತು ವರ್ಷ ಯಾರಿಗೂ ಏನೂ ಹೊಳೆಯಲಿಲ್ಲ ಎನ್ನುವುದು ನನಗೆ ಇವತ್ತಿಗೂ ಸೋಜಿಗ. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ದಂತವೈದ್ಯ ಹೊರೇಸ್ ವೆಲ್ಸ್ ಈ ಅನಿಲ ಸೇದಿ ತಮ್ಮದೇ ಹಲ್ಲು ಕೀಳಿಸಿಕೊಂಡ ಮೇಲೆ ಅದು ಚಿಕಿತ್ಸೆಗೆ ಇಳಿಯಿತು. ಅಂದಿನಿಂದ ನೂರು ವರ್ಷ ಕೋಟ್ಯಂತರ ಜನ ಅದನ್ನು ಸೇದಿ ಎದ್ದು ಮನೆಗೆ ಹೋಗಿದ್ದರು. ಈ ಅನಿಲ ದೇಹದಲ್ಲಿ ಹೆಚ್ಚೂಕಮ್ಮಿ ಒಡೆಯುವುದೇ ಇಲ್ಲ, ಹೋದ ಹಾಗೆಯೇ ಉಸಿರಿನಲ್ಲಿ ಹೊರಬರುತ್ತದೆ. ಬಂದ ಅತಿಥಿ ಯಾವುದನ್ನೂ ಮುಟ್ಟದೆ ಹೋಗುತ್ತಾನೆ ಎಂದು ಮನೆಯವರು ನಂಬಿದ್ದ ಹಾಗೆ. ಆದರೆ ಅಲ್ಲಿಯವರೆಗೆ ಅತಿಥಿ ಉಳಿದದ್ದು ಒಂದೆರಡು ಗಂಟೆ. ಲಾಸೆನ್ ಅವನನ್ನು ದಿನಗಟ್ಟಲೆ ಇರಿಸಿಕೊಂಡರು.

ನಾಲ್ಕೈದು ದಿನ ಕಳೆಯುತ್ತಿದ್ದಂತೆ ಕೆಲವು ರೋಗಿಗಳ ರಕ್ತ ಪರೀಕ್ಷೆ ಗಾಬರಿ ಹುಟ್ಟಿಸಿತು. ಬಿಳಿ ರಕ್ತಕಣಗಳು ಕುಸಿಯುತ್ತಿದ್ದವು. ಡೆಂಗಿ ಬಂದ ಮನೆಯವರಿಗೆಲ್ಲ ಗೊತ್ತಿರುವ ಪ್ಲೇಟ್‌ಲೆಟ್ ಕೂಡ ಅದೇ ದಾರಿ ಹಿಡಿದಿತ್ತು. ಕೆಂಪು ಕಣಗಳು ಅಷ್ಟಾಗಿ ಇಳಿದಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಕ್ರಮದಲ್ಲೇ ಸುಳಿವು ಇದೆ. ರಕ್ತಕಣಗಳೆಲ್ಲ ತಯಾರಾಗುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ದೊಡ್ಡವರ ಮಜ್ಜೆ ಒಂದು ದಿನಕ್ಕೆ ಸುಮಾರು 20 ಸಾವಿರ ಕೋಟಿ ಕೆಂಪು ಕಣ, ಹತ್ತಿರಹತ್ತಿರ 10 ಸಾವಿರ ಕೋಟಿ ನ್ಯೂಟ್ರೊಫಿಲ್ ಎಂಬ ಬಿಳಿ ಕಣ ಹೊರಹಾಕುತ್ತದೆ. ಕೆಂಪು ಕಣ 120 ದಿನ ಬಾಳುತ್ತದೆ, ಪ್ಲೇಟ್‌ಲೆಟ್ ಎಂಟು ಹತ್ತು ದಿನ. ನ್ಯೂಟ್ರೊಫಿಲ್ ರಕ್ತದಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ಕಾರ್ಖಾನೆ ಇದ್ದಕ್ಕಿದ್ದಂತೆ ಬೀಗ ಹಾಕಿದರೆ ಮೊದಲು ಖಾಲಿಯಾಗುವುದು ಬೇಗ ಕೆಡುವ ಸರಕು. ಲಾಸೆನ್ ನೋಡುತ್ತಿದ್ದದ್ದು ಅದನ್ನೇ. ರಕ್ತದಲ್ಲಿದ್ದ ಕಣಗಳನ್ನು ಯಾವುದೋ ವಿಷ ಕೊಲ್ಲುತ್ತಿರಲಿಲ್ಲ, ಹೊಸವು ಹುಟ್ಟುತ್ತಿರಲಿಲ್ಲ. ಮಜ್ಜೆಯನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಂಡದ್ದು ಇನ್ನೂ ವಿಚಿತ್ರ. ಕಣಗಳ ಮರಿಗಳು ಇದ್ದವು, ಆದರೆ ಊದಿಕೊಂಡು, ವಿಭಜನೆಯಾಗಲು ಹೊರಟು ಅರ್ಧದಲ್ಲಿ ನಿಂತಂತೆ ಇದ್ದವು. ಅದು ಬೇರೊಂದು ರೋಗದಲ್ಲಿ ಡಾಕ್ಟರುಗಳಿಗೆ ಚೆನ್ನಾಗಿ ಪರಿಚಯವಿದ್ದ ಚಿತ್ರ: ಬಿ12 ಜೀವಸತ್ವ ಹೀರಿಕೊಳ್ಳಲಾಗದವರಿಗೆ ಬರುವ ಪರ್ನಿಷಿಯಸ್ ಅನೀಮಿಯಾ. ಅನಿಲ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಜ್ಜೆ ಮತ್ತೆ ಚೇತರಿಸಿಕೊಳ್ಳುತ್ತಿತ್ತು.

1956ರಲ್ಲಿ ಲಾಸೆನ್ ಮತ್ತು ಸಂಗಡಿಗರು ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಚ್ಚರಿಕೆಯ ವರದಿ ಅದು: ಈ ಅನಿಲವನ್ನು ದಿನಗಟ್ಟಲೆ ಕೊಡಬೇಡಿ. ಬಹುಪಾಲು ವೈದ್ಯರು ಅಲ್ಲಿಗೆ ಕಡತ ಮುಚ್ಚುತ್ತಿದ್ದರು. ಲಾಸೆನ್ ಮುಚ್ಚಲಿಲ್ಲ. ಮಜ್ಜೆಯ ಓಟವನ್ನು ಈ ಗಾಳಿ ತಡೆಯುವುದಾದರೆ, ಮಜ್ಜೆ ಹುಚ್ಚೆದ್ದು ಓಡುತ್ತಿರುವ ಕಡೆ ಏನು ಮಾಡೀತು ಎಂಬ ಪ್ರಶ್ನೆ ಅವರಿಗೆ ಬಂತು.

ಮಜ್ಜೆ ಹುಚ್ಚೆದ್ದು ಓಡುವ ಆ ರೋಗದ ಹೆಸರೇ ಲ್ಯುಕೇಮಿಯಾ, ನಾವು ಬ್ಲಡ್ ಕ್ಯಾನ್ಸರ್ ಎನ್ನುವುದು ಮುಖ್ಯವಾಗಿ ಇದನ್ನೇ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ 4 ಸಾವಿರದಿಂದ 11 ಸಾವಿರ ಬಿಳಿ ಕಣ ಇರುತ್ತವೆ. ನಿಧಾನವಾಗಿ ಬೆಳೆಯುವ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಅದು ಲಕ್ಷ ದಾಟುವುದು ಅಪರೂಪವಲ್ಲ. ಆ ಕಾಲಕ್ಕೆ ಇದಕ್ಕಿದ್ದದ್ದು ಗುಲ್ಮದ ಮೇಲೆ ಎಕ್ಸ್‌ರೇ ಮತ್ತು 1953ರಲ್ಲಿ ಬಂದ ಬುಸಲ್ಫಾನ್ ಮಾತ್ರೆ. ಎರಡೂ ರೋಗವನ್ನು ಕೆಲಕಾಲ ತಡೆಹಿಡಿಯುತ್ತಿದ್ದವು, ಅಷ್ಟೆ. 1959ರಲ್ಲಿ ಲಾಸೆನ್ ಮತ್ತು ಕ್ರಿಸ್ಟೆನ್ಸನ್, ದೀರ್ಘಕಾಲ ನೈಟ್ರಸ್ ಆಕ್ಸೈಡ್ ಉಸಿರಾಡಿಸಿದ ಮೇಲೆ ಈ ಲ್ಯುಕೇಮಿಯಾ ಹಿಮ್ಮೆಟ್ಟಿದ್ದನ್ನು ಡೆನ್ಮಾರ್ಕಿನ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಮಂಪರು ಬರಿಸುವ ಗಾಳಿಯೊಂದು ಕ್ಯಾನ್ಸರ್ ಔಷಧವಾಗಿ ನಿಂತಿತ್ತು.

ಅದನ್ನು ಮುಂದಕ್ಕೆ ಒಯ್ದವರು ಅಮೆರಿಕದ ಅರಿವಳಿಕೆ ತಜ್ಞ ಡಿ. ಡಬ್ಲ್ಯು. ಈಸ್ಟ್‌ವುಡ್ ಮತ್ತು ಅವರ ಸಹೋದ್ಯೋಗಿಗಳು. 1963ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅವರ ಬರಹ ಬಂತು, ವಿಷಯ ಲ್ಯುಕೇಮಿಯಾ ರೋಗಿಗಳ ಬಿಳಿ ಕಣಗಳ ಮೇಲೆ ಈ ಅನಿಲದ ಪರಿಣಾಮ. ಅನಿಲ ಸೇದಿಸುವಾಗ ಎಣಿಕೆ ಇಳಿಯಿತು, ನಿಲ್ಲಿಸಿದರೆ ಮತ್ತೆ ಏರಿತು. ಅದೇ ವರ್ಷ ಗ್ರೀನ್ ಮತ್ತು ಈಸ್ಟ್‌ವುಡ್ ಇಲಿಗಳಲ್ಲೂ ರಕ್ತ ಹುಟ್ಟುವ ಪ್ರಕ್ರಿಯೆ ಕುಂದುವುದನ್ನು ತೋರಿಸಿದರು. ಲಾಸೆನ್ ಕಂಡದ್ದು ಆಕಸ್ಮಿಕವಲ್ಲ ಎಂಬುದು ಇದರಿಂದ ಖಚಿತವಾಯಿತು. ಇದು ಚಿಕಿತ್ಸೆಯಾಗಲಾರದು ಎಂಬುದೂ ಅದೇ ಎಣಿಕೆಯಲ್ಲಿ ಬರೆದಿತ್ತು.

ಯಾಕೆಂದರೆ ಅನಿಲ ರೋಗದ ಕಣವನ್ನು ಕೊಲ್ಲುತ್ತಿರಲಿಲ್ಲ, ತಡೆದು ನಿಲ್ಲಿಸುತ್ತಿತ್ತು. ತಡೆ ತೆಗೆದರೆ ಓಟ ಮತ್ತೆ ಶುರು. ಮನುಷ್ಯನನ್ನು ತಿಂಗಳುಗಟ್ಟಲೆ ಮಂಪರಿನಲ್ಲಿ ಮಲಗಿಸಿಡುವಂತಿಲ್ಲ. ಮೇಲಾಗಿ ಅದಕ್ಕೆ ಒಳ್ಳೆಯ ಕಣ, ಕೆಟ್ಟ ಕಣ ಎಂಬ ಭೇದ ಗೊತ್ತಿಲ್ಲ, ವೇಗವಾಗಿ ವಿಭಜನೆಯಾಗುವ ಎಲ್ಲದರ ಮೇಲೂ ಕೈಯಿಡುತ್ತದೆ. ಈ ರೋಗಕ್ಕೆ ನಿಜವಾದ ಉತ್ತರ ಬಂದದ್ದು ಬೇರೆ ದಾರಿಯಲ್ಲಿ. 1960ರಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ರೋಗದ ಕಣಗಳಲ್ಲಿ ಒಂದು ಮೊಟಕಾದ ಕ್ರೋಮೋಸೋಮನ್ನು ಗುರುತಿಸಿದರು. ಅದರಿಂದ ಹುಟ್ಟುವ ಕೆಟ್ಟ ಪ್ರೋಟೀನಿಗೆ ಮಾತ್ರ ಗುರಿಯಿಟ್ಟ ಇಮಾಟಿನಿಬ್ ಮಾತ್ರೆಗೆ ಅನುಮತಿ ಸಿಕ್ಕಿದ್ದು 2001ರಲ್ಲಿ. ನೈಟ್ರಸ್ ಆಕ್ಸೈಡ್ ಆ ಓಟದಲ್ಲಿ ಇರಲೇ ಇಲ್ಲ.

ಆದರೂ ಉಳಿದ ಪ್ರಶ್ನೆ ಸಣ್ಣದಲ್ಲ. ಯಾವುದನ್ನೂ ಮುಟ್ಟದ ಅತಿಥಿ ಮಜ್ಜೆಯ ಯಾವ ತಂತಿಯನ್ನು ಕಿತ್ತ? ಕಾಕತಾಳೀಯ ನೋಡಿ: ಲಾಸೆನ್ ವರದಿ ಬಂದ 1956ರಲ್ಲೇ ಇಂಗ್ಲೆಂಡಿನ ಡೊರೊಥಿ ಹಾಡ್ಜ್‌ಕಿನ್ ಬಿ12 ಅಣುವಿನ ಪೂರ್ತಿ ರಚನೆಯನ್ನು ಬಿಡಿಸಿ ತೋರಿಸಿದರು. ಆ ದೊಡ್ಡ ಅಣುವಿನ ನಡುಮಧ್ಯೆ ಒಂದೇ ಒಂದು ಕೋಬಾಲ್ಟ್ ಪರಮಾಣು ಕೂತಿದೆ. ಒಂದು ಪತ್ರಿಕೆಯಲ್ಲಿ ಬೀಗ, ಇನ್ನೊಂದರಲ್ಲಿ ಅದು ಕೆಟ್ಟ ಸುದ್ದಿ, ಎರಡನ್ನೂ ಜೋಡಿಸಿ ಓದಿದವರಿಲ್ಲ. 1968ರಲ್ಲಿ ಬ್ಯಾಂಕ್ಸ್, ಹೆಂಡರ್ಸನ್, ಪ್ರ್ಯಾಟ್ ಎಂಬ ರಸಾಯನಶಾಸ್ತ್ರಜ್ಞರು, ನೈಟ್ರಸ್ ಆಕ್ಸೈಡ್ ಬಿ12ರ ಕೋಬಾಲ್ಟಿನ ಜೊತೆ ವರ್ತಿಸಿ ಅದರ ಎಲೆಕ್ಟ್ರಾನು ಕಿತ್ತುಕೊಳ್ಳುತ್ತದೆ ಎಂದು ಕಂಡುಕೊಂಡರು. ಸರಳವಾಗಿ ಹೇಳಬೇಕೆಂದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವಂಥದ್ದೇ ಒಂದು ಕ್ರಿಯೆ. ತುಕ್ಕಿನ ಮಾತು ಬರುತ್ತದೆ ಎಂದಿದ್ದೆನಲ್ಲ, ಇದೇ ಅದು. ಆದರೆ ಆ ಬರಹ ಬಂದದ್ದು ರಸಾಯನಶಾಸ್ತ್ರದ ಪತ್ರಿಕೆಯಲ್ಲಿ. ಡಾಕ್ಟರುಗಳ ಕಣ್ಣಿಗೆ ಅದು ಬೀಳಲು ಇನ್ನೂ ಹತ್ತು ವರ್ಷ ಬೇಕಾಯಿತು.

1978 ಈ ಕಥೆಯ ದೊಡ್ಡ ವರ್ಷ. ಲಂಡನ್ನಿನಲ್ಲಿ ಅಮೆಸ್ ಮತ್ತು ಸಂಗಡಿಗರು ತೆರೆದ ಹೃದಯದ ಶಸ್ತ್ರಚಿಕಿತ್ಸೆ ಆದವರನ್ನು ಗಮನಿಸಿದರು. ಆಪರೇಷನ್ ಆದ ಮೇಲೂ 24 ಗಂಟೆ ಅರ್ಧ ಆಮ್ಲಜನಕ, ಅರ್ಧ ನೈಟ್ರಸ್ ಆಕ್ಸೈಡ್ ಪಡೆದವರ ಮಜ್ಜೆ, ಬಿ12 ಕೊರತೆಯವರ ಮಜ್ಜೆಯಂತೆಯೇ ಆಗಿತ್ತು. ಅದೇ ವರ್ಷ ಲೇಜರ್ ಎಂಬ ನರರೋಗ ತಜ್ಞರು 15 ಜನರ ಕಥೆ ಬರೆದರು. ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟ, ಬೆನ್ನುಹುರಿಗೆ ಏಟು. ಆ 15ರಲ್ಲಿ 14 ಮಂದಿ ದಂತವೈದ್ಯರು! ತಮ್ಮ ಕ್ಲಿನಿಕ್ಕಿನ ಅನಿಲವನ್ನು ಚಟಕ್ಕೆ ಸೇದುತ್ತಿದ್ದವರೇ ಅವರಲ್ಲಿ ಹೆಚ್ಚು. ಬಿ12 ಕೊರತೆಯಾದರೆ ಹಾಳಾಗುವುದು ಎರಡೇ, ರಕ್ತ ಮತ್ತು ನರ. ಅನಿಲ ಎರಡನ್ನೂ ಮುಟ್ಟಿತ್ತು.

ಈಗ ಒಳಗಿನ ಯಂತ್ರವನ್ನು ನೋಡೋಣ. ಪಠ್ಯಪುಸ್ತಕದ ಚಿತ್ರ ನೋಡಿದರೆ ತಲೆ ತಿರುಗುತ್ತದೆ, ಬಾಣಗಳ ಮೇಲೆ ಬಾಣ. ನಾನು ಅದನ್ನು ಹಳ್ಳಿಯ ಹಾಲಿನ ಡೇರಿಯಾಗಿ ಕಲ್ಪಿಸಿಕೊಂಡ ಮೇಲೆಯೇ ಅರ್ಥವಾದದ್ದು.

ಕಣವೊಂದು ಎರಡಾಗಬೇಕಾದರೆ ಡಿಎನ್‌ಎಯ ಇನ್ನೊಂದು ಪ್ರತಿ ಬೇಕು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಥೈಮಿನ್ ತಯಾರಿಗೆ ಒಂದು ಇಂಗಾಲದ ತುಣುಕನ್ನು ಹೊತ್ತು ತಂದು ಅಂಟಿಸಬೇಕು. ಹೊತ್ತು ತರುವ ಕ್ಯಾನು ಫೋಲೇಟ್, ಅಂದರೆ ಸೊಪ್ಪಿನಲ್ಲಿ ಸಿಗುವ ಜೀವಸತ್ವ. ಊಟದಿಂದ ಬಂದು ರಕ್ತದಲ್ಲಿ ಓಡಾಡುವ ಫೋಲೇಟ್ ಕ್ಯಾನುಗಳು ಖಾಲಿಯಿರುವುದಿಲ್ಲ, ಮಿಥೈಲ್ ಎಂಬ ಸರಕು ತುಂಬಿ ಮುಚ್ಚಳ ಬಿಗಿದೇ ಬರುತ್ತವೆ. ಆ ಮುಚ್ಚಳ ತೆಗೆಯಬಲ್ಲವನು ಡೇರಿಯಲ್ಲಿ ಒಬ್ಬನೇ, ಮೆಥಿಯೋನಿನ್ ಸಿಂಥೇಸ್ ಎಂಬ ಕಿಣ್ವ. ಅವನ ಕೈಯಲ್ಲಿರುವ ಏಕೈಕ ಪಾನಾ ಬಿ12. ಅವನು ಸರಕನ್ನು ಬಗ್ಗಿಸಿ ಹೋಮೋಸಿಸ್ಟೀನ್ ಎಂಬ ಪಾತ್ರೆಗೆ ಸುರಿಯುತ್ತಾನೆ, ಅದು ಮೆಥಿಯೋನಿನ್ ಆಗುತ್ತದೆ. ನರಗಳ ಮೇಲಿನ ಹೊದಿಕೆ ಕೆಡದಿರಲು ಅದು ಬೇಕು. ಖಾಲಿಯಾದ ಕ್ಯಾನು ಒಳಗೆ ಥೈಮಿನ್ ವಿಭಾಗಕ್ಕೆ ಹೋಗುತ್ತದೆ.

ನೈಟ್ರಸ್ ಆಕ್ಸೈಡ್ ಬಂದು ಆ ಪಾನಾಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿಯುವ ಭರದಲ್ಲಿ ಅದನ್ನು ಹಿಡಿದಿದ್ದ ಕೈಗೂ ಪೆಟ್ಟಾಗುತ್ತದೆ, ಕಿಣ್ವವೇ ಹಾಳು. ಈಗ ಡೇರಿಯ ಅಂಗಳದ ತುಂಬ ಕ್ಯಾನುಗಳು, ಒಂದನ್ನೂ ತೆರೆಯುವಂತಿಲ್ಲ. ಒಳಗೆ ಥೈಮಿನ್ ವಿಭಾಗದವರು ಖಾಲಿ ಕ್ಯಾನಿಗಾಗಿ ಕಾದು ಕೂತಿದ್ದಾರೆ. ರಕ್ತದಲ್ಲಿ ಫೋಲೇಟ್ ಅಳೆದರೆ ಧಾರಾಳ, ಕಣದ ಪಾಲಿಗೆ ಬರ. ಮಜ್ಜೆಯ ಮರಿಕಣಗಳು ಊದಿಕೊಂಡು ಅರ್ಧದಲ್ಲಿ ನಿಂತದ್ದು ಇದಕ್ಕೇ. ಹಾಳಾದ ಕಿಣ್ವದ ಜಾಗಕ್ಕೆ ಹೊಸದನ್ನು ಕಣ ಕಟ್ಟಿಕೊಳ್ಳಲು ಮೂರು ನಾಲ್ಕು ದಿನ ಹಿಡಿಯುತ್ತದೆ, ಲಾಸೆನ್ನರ ರೋಗಿಗಳು ಕೆಲ ದಿನಗಳಲ್ಲಿ ಚೇತರಿಸಿಕೊಂಡದ್ದೂ ಇದಕ್ಕೇ. ಎಷ್ಟು ಬೇಗ ಹಾಳಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಅರಿವಳಿಕೆ ಸಂಶೋಧಕ ಜಾನ್ ನನ್ ಅವರ ತಂಡ 1988ರಲ್ಲಿ ಅಳೆದಿತ್ತು. ಮನುಷ್ಯರ ಯಕೃತ್ತಿನಲ್ಲಿ ಕಿಣ್ವದ ಶಕ್ತಿ ಅರ್ಧಕ್ಕೆ ಇಳಿಯಲು 46 ನಿಮಿಷ, ಇಲಿಗಳಲ್ಲಿ 5.4 ನಿಮಿಷ. ಇಲಿಗಳ ಫಲಿತಾಂಶ ನೋಡಿ ಮನುಷ್ಯರ ಬಗ್ಗೆ ಹೆದರುವಾಗ ಈ ವ್ಯತ್ಯಾಸ ನೆನಪಿರಬೇಕು.

ಲ್ಯುಕೇಮಿಯಾದ ಇನ್ನೊಂದು ಕಥೆ ಇದೇ ಡೇರಿಯ ಹಿಂಬಾಗಿಲಲ್ಲಿ ನಡೆಯುತ್ತದೆ, ಅದಕ್ಕೆ ಭಾರತದ ನಂಟು ಎರಡು ಬಾರಿ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಬೊಂಬಾಯಿಗೆ ಬಂದು ಅಲ್ಲಿನ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಯೀಸ್ಟಿನ ಸಾರವಾದ ಮಾರ್ಮೈಟ್ ಕೊಟ್ಟರೆ ಅದು ವಾಸಿಯಾಗುತ್ತಿತ್ತು. ಅದರಲ್ಲಿದ್ದ ಅಜ್ಞಾತ ವಸ್ತುವೇ ಮುಂದೆ ಫೋಲಿಕ್ ಆಸಿಡ್ ಎಂದು ಗೊತ್ತಾಯಿತು. ಅದನ್ನು 1940ರ ದಶಕದಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ಅಮೆರಿಕದ ಲೆಡರ್ಲೆ ಔಷಧ ಕಂಪನಿಯ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಬಾಸ್ಟನ್ನಿನ ಡಾಕ್ಟರು ಸಿಡ್ನಿ ಫಾರ್ಬರ್ ಮೊದಲು ಲ್ಯುಕೇಮಿಯಾ ಮಕ್ಕಳಿಗೆ ಫೋಲಿಕ್ ಆಸಿಡ್‌ನಂಥ ವಸ್ತುಗಳನ್ನೇ ಕೊಟ್ಟು ನೋಡಿದ್ದರು. ರೋಗ ಇನ್ನಷ್ಟು ಜೋರಾದಂತೆ ಅವರಿಗೆ ಕಂಡಿತು. ಹಾಗಾದರೆ ಫೋಲೇಟಿಗೆ ಅಡ್ಡಗಾಲು ಹಾಕಿದರೆ? ಸುಬ್ಬರಾವ್ ಅವರ ತಂಡ ಅಮಿನೊಪ್ಟೆರಿನ್ ಮಾಡಿಕೊಟ್ಟಿತು. 1948ರ ಜೂನ್‌ನಲ್ಲಿ ಫಾರ್ಬರ್ ವರದಿ ಮಾಡಿದ 16 ಮಕ್ಕಳಲ್ಲಿ 10 ಮಕ್ಕಳ ರೋಗ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿತ್ತು. ಅದೇ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು.

ಅಮಿನೊಪ್ಟೆರಿನ್‌ನ ತಮ್ಮನೇ ಮೆಥೋಟ್ರೆಕ್ಸೇಟ್, ಮಕ್ಕಳ ಲ್ಯುಕೇಮಿಯಾಗೆ ಇವತ್ತಿಗೂ ಕೊಡುವ ಔಷಧ. ಅದು ಕೆಲಸ ಮಾಡುವುದು ಡೇರಿಯ ತೊಳೆಯುವ ಕಟ್ಟೆಯಲ್ಲಿ. ಥೈಮಿನ್ ವಿಭಾಗದಿಂದ ಹೊರಬರುವ ಕ್ಯಾನು ಎಂಜಲಾಗಿರುತ್ತದೆ, ತೊಳೆದ ಹೊರತು ಮತ್ತೆ ಬಳಸುವಂತಿಲ್ಲ. ತೊಳೆಯುವವನ ಕೈಯನ್ನು ಮೆಥೋಟ್ರೆಕ್ಸೇಟ್ ಕಟ್ಟಿಹಾಕುತ್ತದೆ. ಅಂದರೆ ನೈಟ್ರಸ್ ಆಕ್ಸೈಡ್ ಮುಂಬಾಗಿಲಲ್ಲಿ ಕ್ಯಾನು ತೆರೆಯದಂತೆ ಮಾಡುತ್ತದೆ, ಮೆಥೋಟ್ರೆಕ್ಸೇಟ್ ಹಿಂಬಾಗಿಲಲ್ಲಿ ತೊಳೆಯದಂತೆ ಮಾಡುತ್ತದೆ. ಎರಡರ ಫಲ ಒಂದೇ, ಒಳಗೆ ಉಪಯೋಗಕ್ಕೆ ಕ್ಯಾನಿಲ್ಲ. ಲಾಸೆನ್ ಗೊತ್ತಿಲ್ಲದೆ ಎಡವಿದ್ದು ಫಾರ್ಬರ್ ಬೇಕೆಂದೇ ಕಟ್ಟಿದ ಅದೇ ದಾರಿಯ ಇನ್ನೊಂದು ತುದಿಗೆ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ರೋಮಾಂಚನದ ಜಾಗ ಇದು, ಲ್ಯುಕೇಮಿಯಾ ಹಿಮ್ಮೆಟ್ಟಿದ ವರದಿಯಲ್ಲ.

ಎರಡನ್ನೂ ಒಟ್ಟಿಗೆ ಬಳಸಿದರೆ ಹೇಗೆ ಎಂದು ಯೋಚಿಸಿದವರೂ ಇದ್ದರು. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ತಂಡ 1980ರ ದಶಕದಲ್ಲಿ ಲ್ಯುಕೇಮಿಯಾ ಹಚ್ಚಿದ ಇಲಿಗಳಲ್ಲಿ ನೈಟ್ರಸ್ ಆಕ್ಸೈಡ್ ರೋಗದ ಬೆಳವಣಿಗೆಯನ್ನು ನಿಧಾನ ಮಾಡುವುದನ್ನು ತೋರಿಸಿ, ಬೇರೆ ಔಷಧಗಳ ಜೊತೆ ಸೇರಿಸಿಯೂ ನೋಡಿತು. ಆಸ್ಪತ್ರೆಯ ಹಾಸಿಗೆಯ ತನಕ ಅದು ಬರಲಿಲ್ಲ. ಬಂದದ್ದು ಅದರ ಕೆಟ್ಟ ಮುಖ. ಸ್ತನ ಕ್ಯಾನ್ಸರ್ ಆಪರೇಷನ್ನಿನ ಬೆನ್ನಿಗೇ ಮೆಥೋಟ್ರೆಕ್ಸೇಟ್ ಇದ್ದ ಕೀಮೋ ಪಡೆದ ಮಹಿಳೆಯರಲ್ಲಿ ಔಷಧದ ಅಡ್ಡಪರಿಣಾಮ ಅಂದಾಜಿಗಿಂತ ಹೆಚ್ಚಾಗಿತ್ತು. ಕಾರಣ ಹುಡುಕಿದರೆ ಆಪರೇಷನ್ನಿನಲ್ಲಿ ಕೊಟ್ಟ ನೈಟ್ರಸ್ ಆಕ್ಸೈಡಿನ ಕಡೆ ಬೆರಳು ತಿರುಗಿತು. 1987ರಲ್ಲಿ ಆ ಎಚ್ಚರಿಕೆ ಪ್ರಕಟವಾಯಿತು. ಎರಡೂ ಬಾಗಿಲು ಒಟ್ಟಿಗೆ ಮುಚ್ಚಿದರೆ ಏನಾಗುತ್ತದೆ ಎಂಬುದು ಹೀಗೆ ಬಯಸದೆಯೇ ತಿಳಿಯಿತು.

ಇದಕ್ಕೆ ಪ್ರತ್ಯೌಷಧವೂ ಒಂದೇ: ಫೋಲಿನಿಕ್ ಆಸಿಡ್. ತೆರೆದು, ತೊಳೆದು ಸಿದ್ಧವಾಗಿರುವ ಕ್ಯಾನುಗಳನ್ನು ಹೊರಗಿನಿಂದಲೇ ಲಾರಿಯಲ್ಲಿ ಇಳಿಸಿದ ಹಾಗೆ. ಹೆಚ್ಚಿನ ಪ್ರಮಾಣದ ಮೆಥೋಟ್ರೆಕ್ಸೇಟ್ ಕೊಟ್ಟ ಮೇಲೆ ರೋಗಿಯನ್ನು ಕಾಯಲು ಇದನ್ನು ಕೊಡುತ್ತಾರೆ. ನೈಟ್ರಸ್ ಆಕ್ಸೈಡಿನಿಂದ ಕುಗ್ಗಿದ ಮಜ್ಜೆಯೂ ಇದಕ್ಕೆ ಸ್ಪಂದಿಸುತ್ತದೆ. ನರದ ತೊಂದರೆಗೆ ಮಾತ್ರ ಇದು ಸಾಲದು, ಯಾಕೆಂದರೆ ಅಲ್ಲಿ ಕೊರತೆ ಕ್ಯಾನಿನದಲ್ಲ, ಕ್ಯಾನಿನಿಂದ ಬಗ್ಗಿಸಬೇಕಿದ್ದ ಸರಕಿನದು.

ಹಾಗಾದರೆ ಆಪರೇಷನ್ನಿಗೆ ಹೋಗುವವರು ನೀಲಿ ಸಿಲಿಂಡರ್ ಕಂಡರೆ ಹೆದರಬೇಕೆ? ಹೆಚ್ಚಿನವರು ಬೇಡ. ಒಂದೆರಡು ಗಂಟೆಯ ಆಪರೇಷನ್ನಿನಲ್ಲಿ ಆರೋಗ್ಯವಂತರ ಮಜ್ಜೆಗೆ ಗಮನಕ್ಕೆ ಬರುವಂಥದ್ದು ಏನೂ ಆಗುವುದಿಲ್ಲ. ಹೃದಯಕ್ಕೆ ಅಪಾಯವಿದೆಯೇ ಎಂಬ ಅನುಮಾನಕ್ಕೂ 7,112 ರೋಗಿಗಳ ಎನಿಗ್ಮಾ-2 ಅಧ್ಯಯನ 2014ರಲ್ಲಿ ಇಲ್ಲ ಎಂದೇ ಉತ್ತರ ಕೊಟ್ಟಿತು. ತೊಂದರೆ ಬರುವುದು ಮೊದಲೇ ಬಿ12 ತಳ ಕಂಡಿರುವವರಿಗೆ. ಇರುವ ಒಂದೇ ಪಾನಾ ತುಕ್ಕು ಹಿಡಿದರೆ ಬದಲಿ ಪಾನಾ ಪೆಟ್ಟಿಗೆಯಲ್ಲಿರಬೇಕಲ್ಲ. ಅಂಥವರಲ್ಲಿ ಆಪರೇಷನ್ ಚೆನ್ನಾಗಿಯೇ ಮುಗಿದು, ಕೆಲವು ವಾರಗಳ ಮೇಲೆ ಪಾದ ಜೋಮು ಹಿಡಿದು, ಕತ್ತಲಲ್ಲಿ ನಡೆದರೆ ತೂರಾಡುವ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಇಲ್ಲಿಯೇ ನಮ್ಮ ತಟ್ಟೆಯ ಮಾತು ಬರುವುದು. ಬಿ12 ಯಾವ ಸೊಪ್ಪಿನಲ್ಲೂ ಕಾಳಿನಲ್ಲೂ ಇಲ್ಲ, ಅದನ್ನು ತಯಾರಿಸಬಲ್ಲವು ಬ್ಯಾಕ್ಟೀರಿಯಾಗಳು ಮಾತ್ರ. ಮೀನು, ಮಾಂಸ, ಮೊಟ್ಟೆಯಲ್ಲಿ ಸಿಗುತ್ತದೆ. ಹಾಲು ಮೊಸರಿನಲ್ಲಿ ಅಲ್ಪಸ್ವಲ್ಪ. ತಲೆಮಾರುಗಳಿಂದ ಸಸ್ಯಾಹಾರಿಗಳಾದ ಮನೆಗಳಲ್ಲಿ ಕೊರತೆ ಸಾಮಾನ್ಯ. ಅದರ ಮೇಲೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಬೆಳಗ್ಗೆ ಎದ್ದ ಕೂಡಲೇ ಗ್ಯಾಸ್ಟ್ರಿಕ್ ಮಾತ್ರೆ. ಎರಡೂ ಬಿ12 ಹೀರಿಕೊಳ್ಳುವುದನ್ನು ತಗ್ಗಿಸುತ್ತವೆ. ಅರವತ್ತು ದಾಟಿದ ಎಷ್ಟು ಮನೆಗಳಲ್ಲಿ ಈ ಮೂರೂ ಒಟ್ಟಿಗಿವೆ ಎಂದು ಒಮ್ಮೆ ನೆನೆಸಿಕೊಳ್ಳಿ. ಆಪರೇಷನ್ನಿಗೆ ಮುಂಚೆ ಅನಸ್ತೇಶಿಯಾ ಡಾಕ್ಟರು ಪಿಎಸಿ ಎಂಬ ತಪಾಸಣೆಗೆ ಕರೆದಾಗ ಜನ ಬಿಪಿ, ಶುಗರ್ ಹೇಳಿ ಎದ್ದುಬಿಡುತ್ತಾರೆ. ಪಾದ ಜೋಮು ಹಿಡಿಯುವುದು, ಊಟದ ಬಗೆ, ದಿನವೂ ನುಂಗುವ ಮಾತ್ರೆಗಳ ಹೆಸರು, ಇವನ್ನೂ ಹೇಳಿದರೆ ಅವರಿಗೆ ಅದೇ ದೊಡ್ಡ ಮಾಹಿತಿ. ಕೊರತೆಯಿದ್ದರೆ ಮೊದಲೇ ಬಿ12 ಇಂಜೆಕ್ಷನ್ ಕೊಡಬಹುದು, ಇಲ್ಲವೇ ಈ ಅನಿಲವನ್ನೇ ಬಿಟ್ಟು ಬೇರೆ ಔಷಧದಿಂದ ಮಲಗಿಸಬಹುದು. ಇವತ್ತು ಬದಲಿ ಬೇಕಾದಷ್ಟಿವೆ. ನೈಟ್ರಸ್ ಆಕ್ಸೈಡ್ ಭೂಮಿಯ ಬಿಸಿ ಏರಿಸುವ ಅನಿಲವೂ ಆಗಿರುವುದರಿಂದ ಹಲವು ದೇಶಗಳ ಆಸ್ಪತ್ರೆಗಳು ಅದರ ಪೈಪುಗಳನ್ನೇ ತೆಗೆಸುತ್ತಿವೆ, ಅದು ಬೇರೆಯೇ ಚರ್ಚೆ.

ಇನ್ನು ಲ್ಯುಕೇಮಿಯಾ ಬಂದ ಮಗು. ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಆ ಅವಧಿಯಲ್ಲಿ ಮತ್ತೆ ಮತ್ತೆ ಬೆನ್ನುಹುರಿಯ ನೀರಿಗೆ ಸೂಜಿ ಹಾಕಿ ಮೆಥೋಟ್ರೆಕ್ಸೇಟ್ ಕೊಡಬೇಕು, ನಡುನಡುವೆ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನೋಡಬೇಕು. ನಾಲ್ಕು ವರ್ಷದ ಮಗು ಅದಕ್ಕೆ ಎಚ್ಚರವಾಗಿ ಮಲಗುವುದಿಲ್ಲ, ಪ್ರತಿ ಸಲವೂ ಮತ್ತು ಬರಿಸಬೇಕು. ಮೂಗಿಗೆ ಹಿಡಿದರೆ ಸಾಕಾಗುವ, ಬೇಗ ಇಳಿಯುವ ನೈಟ್ರಸ್ ಆಕ್ಸೈಡ್ ಇದಕ್ಕೆ ಹೇಳಿಮಾಡಿಸಿದಂತೆ ಕಾಣುತ್ತದೆ. ಆದರೆ ಒಂದೇ ದಿನ, ಒಂದೇ ಮಗುವಿಗೆ, ಒಂದೇ ದಾರಿಯ ಎರಡೂ ಬಾಗಿಲಿಗೆ ಬೀಗ ಬೀಳುತ್ತದೆ. ಮೆಥೋಟ್ರೆಕ್ಸೇಟ್ ಕೆಲವು ಮಕ್ಕಳಲ್ಲಿ ನರಮಂಡಲಕ್ಕೆ ತೊಂದರೆ ಕೊಡುತ್ತದೆ. ಆ ತೊಂದರೆಯಲ್ಲಿ ಅನಿಲದ ಕೈವಾಡ ಎಷ್ಟು ಎಂದು ಹಳೆಯ ದಾಖಲೆಗಳನ್ನು ತಿರುವಿ ನೋಡಿದ ವರದಿಗಳು ಈಚೆಗೆ ಬಂದಿವೆ. ಸಣ್ಣ ಗುಂಪುಗಳ ಅಧ್ಯಯನ ಅವು, ಅಂತಿಮ ತೀರ್ಪಲ್ಲ. ಆದರೂ ಕಾರಣ ಸ್ಪಷ್ಟವಿದ್ದು ಬದಲಿಯೂ ಕೈಯಲ್ಲಿರುವಾಗ ತೀರ್ಪಿಗೆ ಕಾಯುವ ಅಗತ್ಯ ಕೆಲವು ಡಾಕ್ಟರುಗಳಿಗೆ ಕಾಣುತ್ತಿಲ್ಲ. ಮೆಥೋಟ್ರೆಕ್ಸೇಟ್ ಕೊಡುವ ದಿನ ಅವರು ಕೆಟಮಿನ್ ಇಲ್ಲವೇ ಪ್ರೊಪೊಫಾಲ್ ಸಿರಿಂಜಿಗೆ ಎಳೆದುಕೊಳ್ಳುತ್ತಾರೆ. ನೀಲಿ ಸಿಲಿಂಡರ್ ಪಕ್ಕದಲ್ಲೇ ಇರುತ್ತದೆ, ಅದರ ತಿರುಪು ತೆರೆಯುವುದಿಲ್ಲ.